ಮೇಜಿನ ಮೇಲೆ ಬಿಳಿ ಕಲೆ, ಕರಿ ಕಲೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಕಾಡುಗಳು ಸಾಗುವಾನಿಗೆ ಹೆಸರುವಾಸಿ. ಆದರೆ ಇಂದು ಅಲ್ಲಿಯೂ ‘ಸಾಗುವಾನಿ ಮೇಜು’ ಎನಿಸಿಕೊಳ್ಳುವುದು ಎಷ್ಟೋ ವೇಳೆ ಪ್ಲೈವುಡ್ಡಿಗೆ ಅಂಟಿಸಿದ ಸಾಗುವಾನಿಯ ತೆಳು ಹಾಳೆ, ಅಂದರೆ ವೆನೀರ್. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಕಲೆ ಕಂಡೊಡನೆ ಉಪ್ಪು ಕಾಗದ ಹಿಡಿದು ಉಜ್ಜಿದರೆ ಕಲೆಗಿಂತ ಮೊದಲು ಮರವೇ ಹೋದೀತು! ಆದ್ದರಿಂದ ಕಲೆ ಯಾವ ಪದರದಲ್ಲಿದೆ ಎಂದು ಮೊದಲು ಗುರುತಿಸಿ. ಬಣ್ಣವೇ ಅದಕ್ಕೆ ಸುಳಿವು.

ಬಿಸಿ ಚಹಾ ಲೋಟ ಇಟ್ಟಲ್ಲಿ ಮೂಡುವ ಬಿಳಿ ಬಳೆ ಮರದಲ್ಲಿಲ್ಲ, ಮೇಲಿನ ವಾರ್ನಿಶ್ ಪದರದಲ್ಲಿದೆ. ಶಾಖಕ್ಕೆ ಮೆತ್ತಗಾದ ಪದರದೊಳಕ್ಕೆ ತೇವ ನುಸುಳಿ ಸೂಕ್ಷ್ಮ ಹನಿಗಳಾಗಿ, ರಂಧ್ರಗಳಾಗಿ ಉಳಿಯುತ್ತದೆ. ವಾರ್ನಿಶ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.5, ನೀರಿನದು 1.33, ಗಾಳಿಯದು 1. ಈ ವ್ಯತ್ಯಾಸದಿಂದಾಗಿ ಬೆಳಕು ಎಲ್ಲ ದಿಕ್ಕುಗಳಿಗೂ ಚದರುತ್ತದೆ. ಮೋಡ ಬೆಳ್ಳಗೆ ಕಾಣುವುದೂ ಹೀಗೆಯೇ. ಕಲೆಯ ಮೇಲೆ ಕೊಬ್ಬರಿ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಎಣ್ಣೆಯ ಸೂಚ್ಯಂಕ ಸುಮಾರು 1.45. ರಂಧ್ರಗಳಲ್ಲಿ ಅದು ತುಂಬಿದರೆ ಚದರಿಕೆ ತಗ್ಗಿ ಮರದ ಬಣ್ಣ ಮತ್ತೆ ಕಾಣುತ್ತದೆ. ಎಣ್ಣೆ ಬಿದ್ದ ಕಾಗದದ ಹಿಂದಿನ ಅಕ್ಷರ ಕಾಣುವುದಿಲ್ಲವೇ? ಕಲೆ ಹೊಸದಾದರೆ ಕೂದಲು ಒಣಗಿಸುವ ಯಂತ್ರದ ಹದವಾದ ಬಿಸಿಗಾಳಿಯೇ ಸಾಕಾಗಬಹುದು.

ಕರಿ ಕಲೆ ಮೊಂಡು. ಒದ್ದೆ ಅಡಕತ್ತರಿ ಮೇಜಿನ ಮೇಲೆ ಉಳಿದಿತ್ತೆನ್ನಿ. ಕಬ್ಬಿಣದ ಅಂಶ ವಾರ್ನಿಶ್‌ನ ಬಿರುಕಿನಿಂದ ಇಳಿದು ಮರದ ಟ್ಯಾನಿನ್‌ನೊಂದಿಗೆ ಸೇರಿ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಇದಕ್ಕೆ ಮದ್ದು ಆಕ್ಸಾಲಿಕ್ ಆಮ್ಲ. ಅದು ಕಬ್ಬಿಣವನ್ನು ಕಸಿದುಕೊಂಡು ನೀರಿನಲ್ಲಿ ಕರಗುವ ಸಂಯುಕ್ತವಾಗುತ್ತದೆ. ಆದರೆ ಆಮ್ಲ ಮರವನ್ನು ಮುಟ್ಟಬೇಕಾದರೆ ಕಲೆಯ ಮೇಲಿನ ವಾರ್ನಿಶ್ ತೆಗೆಯಲೇಬೇಕು. ಅರಗಿನ ಪಾಲಿಶ್ ಆದರೆ ಸ್ಪಿರಿಟ್‌ಗೆ ಕರಗುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ. ಅನಂತರ 200 ಮಿಲಿಲೀಟರ್ ನೀರಿಗೆ 10 ಗ್ರಾಂ ಆಮ್ಲ ಬೆರೆಸಿ, ಹತ್ತಿಯಿಂದ ಕಲೆಗಷ್ಟೇ ಹಚ್ಚಿ. ಕಪ್ಪು ಮಾಯವಾದ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಮೂರು ಬಾರಿ ಒರೆಸಿ. ನೀರು ಸುರಿದರೆ ವೆನೀರ್ ಎದ್ದೀತು. ಉಕ್ಕಿನ ನಾರಿನಿಂದ ಉಜ್ಜಬೇಡಿ. ಅದರ ಚೂರುಗಳೇ ಹೊಸ ಕರಿ ಕಲೆಗೆ ಬೀಜ. ಈ ಆಮ್ಲ ವಿಷ: ಕೈಗವಸು ಬೇಕು, ಮಕ್ಕಳಿಂದ ದೂರವಿಡಿ. ಬ್ಲೀಚಿಂಗ್ ಪುಡಿಯೊಂದಿಗೆ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಸುಟ್ಟ ಕಲೆಗೆ ಮಾತ್ರ ರಸಾಯನವಿಲ್ಲ. ಅದು ಬಡಗಿಯ ಕೆಲಸ.

ಮರ ಪೂರ್ತಿ ಒಣಗಿದ ಬಳಿಕ ಮರುಪಾಲಿಶ್ ಮಾಡಿ. ಜೋಯಿಡಾದ ಆಷಾಢದ ಮಳೆಯಲ್ಲಂತೂ ಬೇಡ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಹಸಿ ಪದರದಲ್ಲೇ ಹನಿಗಟ್ಟಿ ಇಡೀ ಮೇಜು ಬೆಳ್ಳಗಾದೀತು. ದೀಪಾವಳಿಯ ವರೆಗೆ ಕಾಯಿರಿ.