ಎರಡು ಪಿಯಾನೋಗಳ ಕಚೇರಿ: ಮೆಟ್ನರನ ಪತ್ರವ್ಯವಹಾರವೂ ಮೈಸೂರಿನ ಅರಸರೂ

ಪಾಶ್ಚಾತ್ಯ ಸಂಗೀತ ರಚಕರ ಪತ್ರಗಳಲ್ಲಿ ಪ್ರತಿಭೆಯ ರಹಸ್ಯವನ್ನು ಹುಡುಕುವುದು ವಾಡಿಕೆ. ದೊರೆಯುವುದಾದರೋ ಬಹುಮಟ್ಟಿಗೆ ಕಚೇರಿಯ ಏರ್ಪಾಡು: ಪುಟಗಳ ಲೆಕ್ಕ, ಜೊತೆಗಾರನ ಆಯ್ಕೆ, ಹಣದ ಚಿಂತೆ. ರಷ್ಯದ ನಿಕೊಲಾಯ್ ಮೆಟ್ನರನ (1880–1951) ಪತ್ರವ್ಯವಹಾರವೂ ಇದಕ್ಕೆ ಹೊರತಲ್ಲ. ಅದರ ಕಡೆಯ ಭಾಗದಲ್ಲಿ ಮೈಸೂರು ಸಂಸ್ಥಾನದ ಹೆಸರು ಬರುವುದರಿಂದ ಕನ್ನಡಿಗರಿಗೆ ಅದು ವಿಚಾರಾರ್ಹವಾಗಿದೆ.

ಕರ್ಣಾಟಕ ಸಂಗೀತದಲ್ಲಿ ಪಿಟೀಲುಗಾರನು ಗಾಯಕನನ್ನು ಕಿವಿಯಿಂದಲೇ ಹಿಂಬಾಲಿಸಬಲ್ಲನು. ಎರಡು ಪಿಯಾನೋಗಳ ಕಚೇರಿಯಲ್ಲಿ ಅದು ಸಾಗದು; ಇಬ್ಬರ ಪಾಲೂ ಮೊದಲೇ ಬರೆದಿರತಕ್ಕದ್ದು. ಪಿಯಾನೋವಿಗೂ ವಾದ್ಯವೃಂದಕ್ಕೂ ರಚಿಸಿದ ‘ಕಾನ್ಸರ್ಟೊ’ ಸಹ ಸಾಮಾನ್ಯವಾಗಿ ಎರಡು ಪಿಯಾನೋಗಳಿಗೆ ಇಳಿಸಿದ ಪ್ರತಿಯಾಗಿಯೇ ವಾದಕರ ಕೈಸೇರುತ್ತದೆ. ಮೊದಲನೆಯದು ಮುಖ್ಯ ವಾದ್ಯ, ಎರಡನೆಯದು ವೃಂದದ ಪ್ರತಿನಿಧಿ. 1926ರಲ್ಲಿ ರಖ್ಮಾನಿನೊಫನು ತನ್ನ ನಾಲ್ಕನೆಯ ಕಾನ್ಸರ್ಟೊವಿನ ಪಿಯಾನೋ ಪ್ರತಿ 110 ಪುಟಗಳಾದುದನ್ನು ಕಂಡು ಬೆದರಿ, ವಾಗ್ನರನ ನಾಟಕಚಕ್ರದಂತೆ ಇದನ್ನೂ ಹಲವು ರಾತ್ರಿ ನುಡಿಸಬೇಕಾದೀತೆಂದು ಮೆಟ್ನರನಿಗೆ ಪರಿಹಾಸವಾಗಿ ಬರೆದನು. ಮೆಟ್ನರನು ಆ ದೋಷವನ್ನು ಒಪ್ಪಲಿಲ್ಲ; ಕೇಳುವವನ ಬೇಸರಕ್ಕೆ ಕಾರಣವನ್ನು ಪುಟಗಳಲ್ಲಿ ಹುಡುಕಬಾರದೆಂಬುದು ಅವನ ಉತ್ತರದ ತಾತ್ಪರ್ಯ. ಆ ಕೃತಿ ಅವನಿಗೇ ಅರ್ಪಿತವಾಯಿತು. ಹಾಸ್ಯದಂತೆ ತೋರುವ ಈ ಮಾತುಗಳ ಹಿಂದೆ ಕೃತಿಯನ್ನು ಕತ್ತರಿಸಬೇಕೇ ಬೇಡವೇ ಎಂಬ ನಿಜವಾದ ತೊಳಲಾಟವಿದ್ದಿತು.

1935ರಿಂದ ಇಂಗ್ಲೆಂಡಿನಲ್ಲಿ ನೆಲಸಿದ್ದ ಮೆಟ್ನರನಿಗೆ ಯುದ್ಧದಿಂದ ಜರ್ಮನಿಯ ಪ್ರಕಾಶಕರ ವರಮಾನ ನಿಂತಿತು. ವಾರ್ವಿಕ್‌ಷೈರಿನಲ್ಲಿ ಶಿಷ್ಯೆ ಎಡ್ನಾ ಐಲ್ಸಳ ಕುಟುಂಬವು ಆಶ್ರಯವಿತ್ತಿತು. 1942ರಲ್ಲಿ ಹೃದ್ರೋಗವು ತಲೆದೋರಿತು. ಆದರೂ ಮೂರನೆಯ ಕಾನ್ಸರ್ಟೊ ಮುಗಿದು, 1944ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಅವನ ಕೈಯಿಂದಲೇ ಕೇಳಿಬಂದಿತು. ಆ ವರ್ಷಗಳದೇ ಮತ್ತೊಂದು ರಚನೆ, ಎರಡು ಪಿಯಾನೋಗಳಿಗೆಂದೇ ಹುಟ್ಟಿದ 58ನೆಯ ಸಂಖ್ಯೆಯ ಜೋಡಿ ಕೃತಿಗಳು: ರಷ್ಯದ ವಲಯನೃತ್ಯವೊಂದು, ಸಂಚಾರಿ ವೀರನೊಂದು. ಇಲ್ಲಿ ಎರಡನೆಯ ಪಿಯಾನೋ ಯಾರ ಪ್ರತಿನಿಧಿಯೂ ಅಲ್ಲ, ಸಮಾನ ಸ್ಕಂಧ. ಆದುದರಿಂದಲೇ ಜೊತೆಗಾರನ ಪ್ರಶ್ನೆ ಗುರುತರವಾದುದು.

ಹೀಗೆ ಕಚೇರಿಯ ಕಾಲವು ಮುಗಿಯುತ್ತಿದ್ದಾಗ, 1946ರಲ್ಲಿ, ಮೈಸೂರಿನಿಂದ ಸಹಾಯದ ಸೂಚನೆ ಬಂದಿತು. ಶ್ರೀ ಜಯಚಾಮರಾಜ ಒಡೆಯರವರು (1919–1974) ಪಿಯಾನೋವಾದನದಲ್ಲಿ ನುರಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು 1945ರಲ್ಲಿ ಪಡೆದವರು. 1940ರಲ್ಲಿ ತಂದೆಯೂ ದೊಡ್ಡಪ್ಪನೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡು ಪಟ್ಟವು ಅವರ ಪಾಲಿಗೆ ಬಂದುದರಿಂದ, ವಾದಕರಾಗಿ ವೇದಿಕೆಯೇರುವ ದಾರಿ ಮುಚ್ಚಿತು. (ಶ್ರೀವಿದ್ಯಾ ಮುದ್ರಿಕೆಯ 94 ಕೃತಿಗಳು ಅವರ ಸಂಗೀತಜೀವನದ ಇನ್ನೊಂದು ಮುಖ.) ತಾವು ನುಡಿಸಲಾಗದುದನ್ನು ಅನ್ಯರ ಕೈಯಲ್ಲಿ ಉಳಿಸಿಕೊಳ್ಳಲು ಅವರು ಮೆಟ್ನರ್ ಸೊಸೈಟಿಯ ಧ್ವನಿಮುದ್ರಣದ ವೆಚ್ಚವನ್ನು ವಹಿಸಿಕೊಂಡರೆಂದು ಊಹಿಸುವುದು ಅನುಚಿತವಾಗದು. ಮೂರನೆಯ ಕಾನ್ಸರ್ಟೊ ಅವರಿಗೇ ಅರ್ಪಿತವಾಗಿದೆ.

ಅದೇ 1946ರಲ್ಲಿ ವಲಯನೃತ್ಯವನ್ನು ಮೆಟ್ನರನು ಬೆನ್ನೊ ಮೊಯ್ಸೆಯ್‌ವಿಚ್‌ನೊಡನೆ ನುಡಿಸಿ ಮುದ್ರಿಸಿದನು. ಅಂದಿನ ದೊಡ್ಡ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ನಾಲ್ಕೂವರೆ ನಿಮಿಷದಷ್ಟು. ಸಣ್ಣ ಕೃತಿಗೆ ಇದರಿಂದ ಬಾಧೆಯಿಲ್ಲ. ಅರ್ಧಗಂಟೆಯನ್ನು ಮೀರುವ ಕಾನ್ಸರ್ಟೊವನ್ನಾದರೋ ತುಂಡುತುಂಡಾಗಿಯೇ ನುಡಿಸಬೇಕು. ಎರಡು ದಶಕಗಳ ಹಿಂದೆ ಪುಟಗಳ ಲೆಕ್ಕವನ್ನು ಒಪ್ಪದಿದ್ದವನು ಈಗ ನಿಮಿಷಗಳ ಲೆಕ್ಕಕ್ಕೆ ಒಳಪಡಬೇಕಾಯಿತು. 1951ರ ನವೆಂಬರಿನಲ್ಲಿ ಅವನು ಲಂಡನ್ನಿನಲ್ಲಿ ತೀರಿಕೊಂಡಾಗ, ಮೂರು ಕಾನ್ಸರ್ಟೊಗಳೂ ಅವನದೇ ವಾದನದಲ್ಲಿ ತಟ್ಟೆಗಳ ಮೇಲಿದ್ದುವು.