ಆಕಾಶದಿಂದ ಬಿದ್ದ ರಹದಾರಿ

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅಂದೇ ರಾತ್ರಿ ಅದರ ವಿಟ್ಲಿ ವಿಮಾನಗಳು ಜರ್ಮನ್ ಊರುಗಳ ಮೇಲೆ 50 ಲಕ್ಷಕ್ಕೂ ಹೆಚ್ಚು ಕರಪತ್ರ ಸುರಿದು ಬಂದವು. ಮುಂದೆಯೂ ತಿಂಗಳುಗಟ್ಟಲೆ ಇದೇ ಕೆಲಸ. ಕೊರೆಯುವ ಚಳಿಯಲ್ಲಿ, ಉಸಿರಿಗೂ ತತ್ವಾರವಾದ ಎತ್ತರದಲ್ಲಿ, ಸಿಬ್ಬಂದಿ ಕಟ್ಟು ಕಟ್ಟು ಕಾಗದವನ್ನು ವಿಮಾನದ ಕೊಳವೆಯೊಳಗೆ ಕೈಯಿಂದಲೇ ತಳ್ಳುತ್ತಿದ್ದರು. ಆದರೆ ಪೋಲೆಂಡನ್ನು ಕೆಲವೇ ವಾರಗಳಲ್ಲಿ ನುಂಗಿದ ಸೇನೆಯ ಬೆನ್ನಿಗಿದ್ದ ಜನ ಶತ್ರುವಿನ ಬುದ್ಧಿವಾದಕ್ಕೆ ಯಾಕೆ ಕಿವಿಗೊಡುತ್ತಾರೆ? ಮುಂದೆ ಬಾಂಬರ್ ಪಡೆಯ ಮುಖ್ಯಸ್ಥನಾದ ಆರ್ಥರ್ ಹ್ಯಾರಿಸ್, ಆ ಕಾಗದವೆಲ್ಲ ಯುರೋಪಿನ ಶೌಚಾಲಯಗಳಿಗೆ ಒದಗಿತು ಎಂದು ಗೇಲಿ ಮಾಡಿದ.

ಗುರಿಯದೂ ಒಂದು ತಲೆನೋವು. ಮೇಲಿಂದ ಬಿಟ್ಟ ಹಾಳೆ ಗಾಳಿಗೆ ಸಿಕ್ಕಿ ಎಲ್ಲೆಲ್ಲಿಗೋ ತೇಲಿಹೋಗುತ್ತಿತ್ತು. ಇದಕ್ಕೆ ಪರಿಹಾರ ಕಂಡವನು ಅಮೆರಿಕದ ವಾಯುಪಡೆಯ ಕ್ಯಾಪ್ಟನ್ ಜೇಮ್ಸ್ ಮನ್ರೋ. ಹಲವು ಪದರಗಳ ದಪ್ಪ ಕಾಗದದ ಐದಡಿ ಉದ್ದದ ಉರುಳೆ, ಅದರೊಳಗೆ ಸುಮಾರು 80,000 ಕರಪತ್ರ. ನೆಲಕ್ಕೆ ಒಂದೆರಡು ಸಾವಿರ ಅಡಿ ಇರುವಾಗ ಉರುಳೆ ಸಿಡಿದು ಹಾಳೆಗಳು ಹರಡುತ್ತಿದ್ದವು. 1944ರಲ್ಲಿ ಜರ್ಮನ್ ಸೈನಿಕರಿಗೆಂದೇ ಅಚ್ಚಾಗುತ್ತಿದ್ದ ದಿನಪತ್ರಿಕೆಯೊಂದನ್ನೂ ಹೀಗೆಯೇ ಹಂಚಿದರು. ಬಿಸಿ ಬಿಸಿ ಸುದ್ದಿ, ಅದೂ ಶತ್ರುವಿನ ಖರ್ಚಿನಲ್ಲಿ!

ಆ ಹೊತ್ತಿಗೆ ಬರವಣಿಗೆಯ ಧಾಟಿಯೂ ಬದಲಾಗಿತ್ತು. ಮಿತ್ರಪಡೆಗಳ ಅತ್ಯಂತ ಹೆಸರಾದ ಕರಪತ್ರದಲ್ಲಿ ಉಪದೇಶವೇ ಇಲ್ಲ. ಅದು ಶರಣಾಗತಿಯ ರಹದಾರಿ: ಸಾಲಪತ್ರದಂತೆ ಬಳ್ಳಿ ಚಿತ್ತಾರದ ಅಂಚು, ಅಮೆರಿಕ ಮತ್ತು ಬ್ರಿಟನ್ನಿನ ಲಾಂಛನ, ಕೆಳಗೆ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಸಹಿ. ಇದನ್ನು ತಂದವನ ಆಯುಧ ಕಸಿದುಕೊಳ್ಳಿ, ಊಟ, ಔಷಧ ಕೊಡಿ, ಅಪಾಯದಿಂದ ಬೇಗ ದೂರ ಒಯ್ಯಿರಿ ಎಂದು ಮಿತ್ರಪಡೆಯ ಕಾವಲಿನವರಿಗೆ ಬರೆದ ಆದೇಶ. ಸರ್ಕಾರಿ ಮೊಹರಿಗೆ ತಲೆಬಾಗಿಯೇ ಬೆಳೆದ ಸೈನಿಕನಿಗೆ ಇದಕ್ಕಿಂತ ನಂಬಿಕೆಯ ಕಾಗದ ಬೇಕಿರಲಿಲ್ಲ. ಮಾನಸಿಕ ಯುದ್ಧವೆಂದರೆ ಹಸಿ ಸುಳ್ಳು ಎಂದುಕೊಳ್ಳುವವರು ಈ ಹಾಳೆಯನ್ನು ಗಮನಿಸಬೇಕು. ಶರಣಾದವನಿಗೆ ಹೊಡೆತ ಬಿದ್ದಿತೆಂಬ ಸುದ್ದಿ ಹಬ್ಬಿದರೆ ಮುಂದಿನ ಲಕ್ಷ ಪ್ರತಿಗಳೂ ರದ್ದಿಯೇ.

1971ರ ಡಿಸೆಂಬರಿನಲ್ಲಿ, ಭಾರತ-ಪಾಕಿಸ್ತಾನ ಯುದ್ಧದ ವೇಳೆ, ಭಾರತದ ಸೇನಾ ಮುಖ್ಯಸ್ಥ ಜನರಲ್ ಮಾಣೆಕ್ ಶಾ ಪೂರ್ವ ಪಾಕಿಸ್ತಾನದಲ್ಲಿದ್ದ ಪಾಕಿಸ್ತಾನಿ ಸೈನಿಕರಿಗೆ ಆಕಾಶವಾಣಿಯಲ್ಲೂ ಕರಪತ್ರಗಳಲ್ಲೂ ಹೇಳಿದ್ದು ಇದನ್ನೇ: ಸುತ್ತುವರಿದಿದ್ದೇವೆ, ಶರಣಾದರೆ ಜಿನೀವಾ ಒಪ್ಪಂದದಂತೆ ನಡೆಸಿಕೊಳ್ಳುತ್ತೇವೆ. ಢಾಕಾ ಬಿದ್ದದ್ದು ಈ ಮಾತಿನಿಂದಲೇ ಎನ್ನಲಾಗದು. ಬಾಗಿಲಿಗೆ ಬಂದಿದ್ದ ಸೇನೆಯಿಂದಾಗಿ ಮಾತಿಗೆ ತೂಕ ಬಂತು. ಸೈನಿಕರು, ಇತರರು ಸೇರಿ ಸುಮಾರು 93,000 ಮಂದಿ ಸೆರೆಯಾದರು. 1974ರ ಏಪ್ರಿಲ್ ಮುಗಿಯುವಷ್ಟರಲ್ಲಿ ಅವರನ್ನು ಪಾಕಿಸ್ತಾನಕ್ಕೆ ಕಳುಹಿಸಿಕೊಟ್ಟಾಗಿತ್ತು.