ಚಿಹ್ನೆ ಮೊದಲು ಹೋಯಿತು, ಮಾತು ಆಮೇಲೆ

‘ದಿ ರೋಡ್’ ಕಾದಂಬರಿಯಲ್ಲಿ ಅಪ್ಪನಿಗೂ ಹೆಸರಿಲ್ಲ, ಮಗನಿಗೂ ಇಲ್ಲ. ಅಧ್ಯಾಯಗಳಿಲ್ಲ. ಮಾತುಕತೆಗೆ ಉದ್ಧರಣ ಚಿಹ್ನೆ ಇಲ್ಲ. ಬೂದಿ ಕವಿದ ಅಮೆರಿಕದಲ್ಲಿ ಇಬ್ಬರೂ ಅಂಗಡಿಯ ಗಾಡಿಯೊಂದನ್ನು ತಳ್ಳುತ್ತ ದಕ್ಷಿಣದ ಕಡಲಿನತ್ತ ನಡೆಯುತ್ತಾರೆ, ಅಷ್ಟೇ. 2006ರಲ್ಲಿ ಬಂದ ಈ ಪುಸ್ತಕಕ್ಕೆ ಮರುವರ್ಷವೇ ಪುಲಿಟ್ಜರ್ ಸಿಕ್ಕಿತು. ಇದನ್ನು ಬರೆದ ಕಾರ್ಮ್ಯಾಕ್ ಮೆಕಾರ್ಥಿಯ ಗದ್ಯವೆಂದರೆ ಬರಡು, ಬಿಗಿ ಎಂಬ ಮಾತು ಗಟ್ಟಿಯಾಯಿತು.

ಆದರೆ ಆತ ಹುಟ್ಟು ಮಿತಭಾಷಿಯೇನಲ್ಲ.

1965ರಲ್ಲಿ ಮೊದಲ ಕಾದಂಬರಿ ‘ದಿ ಆರ್ಚರ್ಡ್ ಕೀಪರ್’ ಬಂದಾಗ ವಿಮರ್ಶಕರು ಅದರಲ್ಲಿ ಕಂಡದ್ದು ಕಾದಂಬರಿಕಾರ ಫಾಕ್ನರ್‌ನ ನೆರಳನ್ನು. ಅದನ್ನು ತಿದ್ದಿದ ಆಲ್ಬರ್ಟ್ ಅರ್ಸ್ಕಿನ್ ಫಾಕ್ನರ್‌ನಿಗೂ ಸಂಪಾದಕನಾಗಿದ್ದವನೇ. 1979ರ ‘ಸಟ್ರೀ’ಯಂತೂ ನಿಘಂಟು ಪಕ್ಕಕ್ಕಿಟ್ಟುಕೊಂಡೇ ಓದಬೇಕಾದ ಪುಸ್ತಕ, ನಾಕ್ಸ್‌ವಿಲ್‌ನ ನದಿ ದಂಡೆಯ ಕೊಳಕನ್ನೆಲ್ಲ ಅದರ ವಾಕ್ಯಗಳು ಹೊತ್ತು ತರುತ್ತವೆ.

ಚಿಹ್ನೆಗಳ ಜಿಪುಣತನ ಮಾತ್ರ ಹಳೆಯದು. ಟೆನೆಸ್ಸೀಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಪ್ರಾಧ್ಯಾಪಕರೊಬ್ಬರ ಪಠ್ಯಪುಸ್ತಕಕ್ಕಾಗಿ ಹದಿನೆಂಟನೇ ಶತಮಾನದ ಪ್ರಬಂಧಗಳ ಚಿಹ್ನೆಗಳನ್ನು ಸರಿಪಡಿಸುವ ಕೆಲಸ ಆತನ ಪಾಲಿಗೆ ಬಂದಿತ್ತು. ಅರ್ಧವಿರಾಮಗಳನ್ನು ಕಿತ್ತಷ್ಟೂ ಬರಹ ಹಗುರಾಯಿತು. 2007ರಲ್ಲಿ ಓಪ್ರಾ ವಿನ್‌ಫ್ರೀ ಮುಂದೆ ಕೂತಾಗಲೂ ಆತನ ನಿಲುವು ಅದೇ: ಪೂರ್ಣವಿರಾಮ, ದೊಡ್ಡಕ್ಷರ, ಆಗೀಗ ಒಂದು ಅಲ್ಪವಿರಾಮ ಸಾಕು. ‘ಡೋಂಟ್’, ‘ಕಾಂಟ್’ಗಳ ತಲೆಯ ಮೇಲಿನ ಕೊಕ್ಕೆಯನ್ನೂ ತೆಗೆದ, ‘ಐ ಆಮ್’ನಂಥವನ್ನು ಕುಗ್ಗಿಸಿ ಬರೆಯುವಲ್ಲಿ ಮಾತ್ರ ಉಳಿಸಿಕೊಂಡ. ಇದು ಬರೀ ಚಮತ್ಕಾರವಲ್ಲ. ಚಿಹ್ನೆಯ ಆಸರೆ ಇಲ್ಲದಿದ್ದರೆ ಯಾರು ಮಾತಾಡುತ್ತಿದ್ದಾರೆಂಬುದು ಮಾತಿನಿಂದಲೇ ತಿಳಿಯಬೇಕು.

ವಾಕ್ಯಗಳನ್ನು ‘ಆ್ಯಂಡ್’ ಹಾಕಿ ಪೋಣಿಸುತ್ತ ಹೋಗುವ ಲಯ ಕಿಂಗ್ ಜೇಮ್ಸ್ ಬೈಬಲ್ಲಿನದು. ‘ಬ್ಲಡ್ ಮೆರಿಡಿಯನ್’ನಲ್ಲಿ (1985) ಅದೇ ಲಯ ಹತ್ಯಾಕಾಂಡಗಳನ್ನು ಕಣ್ಣು ಮಿಟುಕಿಸದೆ ಹೇಳುತ್ತದೆ. ಎಲ್ಲರಿಗೂ ಅದು ರುಚಿಸಲಿಲ್ಲ. 2001ರಲ್ಲಿ ವಿಮರ್ಶಕ ಬಿ.ಆರ್. ಮೈಯರ್ಸ್ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಈ ಗಾಂಭೀರ್ಯವನ್ನು ಚೆನ್ನಾಗಿಯೇ ಗೇಲಿ ಮಾಡಿದ. ಕುದುರೆ ಸವಾರರು ಊಟ ಮಾಡುವುದಕ್ಕೂ ಪ್ರವಾದಿಯ ದನಿ ಏಕೆ ಎಂಬ ತಕರಾರಿನಲ್ಲಿ ಹುರುಳಿದೆ.

ಆಮೇಲೆ ಪದಗಳೂ ಉದುರತೊಡಗಿದವು. 2005ರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ ಮೊದಲು ಚಿತ್ರಕಥೆಯಾಗಿ ಹುಟ್ಟಿದ್ದು. ಅಲ್ಲಿ ವರ್ಣನೆಗೆ ಎಡೆಯೇ ಕಡಿಮೆ. ‘ದಿ ರೋಡ್’ನ ಬೀಜ ಎಲ್ ಪಾಸೋದ ಹೋಟೆಲೊಂದರದು. ಪುಟ್ಟ ಮಗ ಮಲಗಿದ್ದ ರಾತ್ರಿ ಕಿಟಕಿಯಾಚೆ ನೋಡುತ್ತ, ಮುಂದೊಂದು ದಿನ ಅಲ್ಲಿನ ಗುಡ್ಡದ ಮೇಲೆ ಬೆಂಕಿ ಹೊತ್ತಿರುವುದನ್ನು ಆತ ಊಹಿಸಿಕೊಂಡ. ವಸ್ತುಗಳ ಜೊತೆ ಅವುಗಳ ಹೆಸರೂ ಅಳಿಯುತ್ತಿರುವ ಲೋಕಕ್ಕೆ ಈ ಗದ್ಯ ಹೇಳಿ ಮಾಡಿಸಿದಂತಿತ್ತು.

2022ರಲ್ಲಿ, 89ನೇ ವಯಸ್ಸಿನಲ್ಲಿ, ಕೊನೆಯ ಕಾದಂಬರಿ ‘ಸ್ಟೆಲ್ಲಾ ಮಾರಿಸ್’ ಹೊರಬಂತು. ಇಡೀ ಪುಸ್ತಕ ಒಬ್ಬ ರೋಗಿ ಮತ್ತು ವೈದ್ಯರ ಸಂಭಾಷಣೆ. ಅದರಲ್ಲೂ ಉದ್ಧರಣ ಚಿಹ್ನೆ ಇಲ್ಲ.